ಮಗನ ಮಾಸ್ಕಿನೊಳಗೆ ನನ್ನ ಹಲ್ಲು

ನನ್ನಿಂದ ಮಗನಿಗೆ ಬಂದ ಏಕೈಕ ಪಿತ್ರಾರ್ಜಿತ ಎಂದರೆ ಮುಂಚಾಚಿದ ಹಲ್ಲು. ಕೊರೊನಾ ಬರುವವರೆಗೆ ಅವನಿಗೆ ಅದರ ಗೊಡವೆ ಇರಲಿಲ್ಲ. ಆಮೇಲೆ ಮೊಬೈಲಿನಲ್ಲಿ ಶಾಲೆಯ ಪಾಠ ಶುರುವಾಗಿ, ದಿನಕ್ಕೆ ಐದಾರು ತಾಸು ತನ್ನ ಮುಖವನ್ನು ತಾನೇ ನೋಡುತ್ತ ಕೂತ.

ಬಾಗಲಕೋಟೆಯಲ್ಲಿ ಹೊಸದಾಗಿ ಕಾಲೇಜು ಸೇರಿದಾಗ ನಮ್ಮೂರು ಹುನಗುಂದದಿಂದ ಮಾಸ್ಕ್ ಹಾಕಿಕೊಂಡು ಹೋದ. ಉಳಿದವರೆಲ್ಲ ತೆಗೆದರೂ ಅವನು ತೆಗೆಯಲಿಲ್ಲ. ನಾನೋ, ಯಾರಾದರೂ ಸೀನಿದರೆ ರಸ್ತೆ ದಾಟುವ ಪ್ರಾಣಿ. ನನ್ನ ಮಾತು ಕೇಳುವ ಜೀವವೊಂದು ಭೂಮಿಯ ಮೇಲಿದೆ ಎಂದು ಬೀಗಿ, ಹೊಸ ಹೊಸ ಮಾಸ್ಕ್ ತಂದುಕೊಟ್ಟೆ. ಊಟದ ಡಬ್ಬಿ ತುಂಬಿದ್ದು ತುಂಬಿದಂತೆ ಮರಳತೊಡಗಿದಾಗ, ವಾಸನೆ ಹೋಗಿರಬೇಕೆಂದು ಅವನ ಮೂಗಿಗೆ ಇಂಗು ಹಿಡಿದು ಪರೀಕ್ಷಿಸಿದೆ. ಕೊನೆಗೆ ಅವನ ತಾಯಿ ಬಾಯಿ ಬಿಡಿಸಿದಳು. ಗೆಳೆಯರೆದುರು ಉಣ್ಣಲು ಅವನಿಗೆ ನಾಚಿಕೆ. ಅವರು ಅವನ ಪೂರ್ತಿ ಮುಖವನ್ನು ನೋಡಿಯೇ ಇರಲಿಲ್ಲ.

"ಕಣ್ಣು ನೋಡಿ ಹೀರೋ ಅಂತಾರವ್ವಾ. ಪೂರಾ ನೋಡಿದ್ರ ನಗತಾರ" ಎಂದನಂತೆ.

ಎರಡು ದಿನ ನನಗೆ ಅನ್ನ ಇಳಿಯಲಿಲ್ಲ.

ಆ ವಾರ ಮೂವರೂ ಬನಶಂಕರಿ ದೇವಿಯ ಗುಡಿಗೆ ಹೋದೆವು. ಪಕ್ಕದ ಚೊಳಚಗುಡ್ಡದಿಂದ ರೊಟ್ಟಿ ಮಾರಲು ಬಂದ ಹೆಣ್ಣುಮಗಳೊಬ್ಬಳು ಮರದ ಕೆಳಗೆ ಬುಟ್ಟಿ ಇಳಿಸಿ ರೊಟ್ಟಿ, ಪಲ್ಯ, ಗಟ್ಟಿ ಮೊಸರು ಬಡಿಸಿದಳು. ಮಗ ಮಾಸ್ಕ್ ಇಳಿಸಿ ಒಂದು ರೊಟ್ಟಿ ಮುಗಿಸಿದ್ದ. ಅಷ್ಟರಲ್ಲಿ ಅವನ ಕ್ಲಾಸಿನ ಇಬ್ಬರು ಹುಡುಗರು, "ಲೇ, ನೀ ಇಲ್ಲೆ?" ಎನ್ನುತ್ತ ಬಂದು ಕೂತರು. ಮಾಸ್ಕ್ ಮೇಲೇರಿತು.

"ಯಾಕ ತಮ್ಮಾ, ಇನ್ನ ಮೂಗಿನಿಂದ ತಿಂತಿಯೇನು?" ಎಂದಳು ರೊಟ್ಟಿಯಾಕೆ. ಆಕೆ ನನ್ನತ್ತ ಕೈ ಮಾಡಿದಳು. "ನಿಮ್ಮಪ್ಪನ್ನ ನೋಡು. ಆ ಹಲ್ಲಿಗೆ ನನ್ನ ಖಡಕ್ ರೊಟ್ಟಿ ಅಂಜತಾವ. ಅಂಥಾವ ನಿನಗೂ ಅದಾವ, ಕಡಿಯೋ."

ಮಗ ನನ್ನ ಬಾಯಿ ನೋಡಿದ. ರೊಟ್ಟಿಯ ತುಣುಕೊಂದು ಅದರಿಂದ ಅರ್ಧ ಹೊರಗೇ ಇತ್ತು. ಅವನಿಗೆ ನಗು ಎಂಥದ್ದು ಬಂತೆಂದರೆ, ಉಸಿರು ಕಟ್ಟಿ ಮಾಸ್ಕ್ ಕಿತ್ತು ತೆಗೆದ.

ಒಬ್ಬ ಹುಡುಗ ಅವನನ್ನೂ ನನ್ನನ್ನೂ ನೋಡಿ, "ಥೇಟ್ ನಿಮ್ಮಪ್ಪನ ಹಂಗ ಅದಿ ಬಿಡಲೇ" ಎಂದ. ಇನ್ನೊಬ್ಬ ನೋಡಲೂ ಇಲ್ಲ. "ಆ ಶೇಂಗಾ ಚಟ್ನಿ ಈ ಕಡೆ ಸರಸು" ಎಂದ.

ಅಷ್ಟೇ. ಮಗ ಚಟ್ನಿ ಸರಿಸಿ, ಅವರ ನಡುವೆ ಕೂತು ಇನ್ನೂ ಮೂರು ರೊಟ್ಟಿ ತಿಂದ.

ಗುಡಿಯಲ್ಲಿ ದೇವಿಗೆ ಕೈ ಮುಗಿದಿದ್ದೆ. ಈಕೆಗೂ ಮುಗಿಯಬೇಕೆನಿಸಿತು, ಧೈರ್ಯ ಸಾಲಲಿಲ್ಲ. "ರೊಟ್ಟಿ ಭಾಳ ಚಲೋ ಇದ್ದವು" ಎಂದಷ್ಟೇ ಹೇಳಿದೆ.

"ಗೊತ್ತೈತಿ ಬಿಡ್ರಿ" ಎಂದು ಆಕೆ ಬುಟ್ಟಿಯನ್ನು ತಲೆಗೇರಿಸಿದಳು.