ಬರಿಗಾಲ ಸಿಪಾಯಿ

ಜೆಸಿಂತಾ, ನಿನ್ನ ಪಪ್ಪನನ್ನು ನಿನ್ನ ಎದುರಿಗೇ ಸುಳ್ಳುಗಾರನನ್ನಾಗಿ ಮಾಡಿದವನು ನಾನು. ಗೊತ್ತಿಲ್ಲದೆ ಮಾಡಿದ್ದಲ್ಲ, ಕಣ್ಣು ತಪ್ಪಿ ಆದದ್ದೂ ಅಲ್ಲ — ಎಲ್ಲವನ್ನೂ ಸ್ಪಷ್ಟವಾಗಿ ಕಂಡ ಮೇಲೆ, ಬೇಕೆಂದೇ ಮಾಡಿದ್ದು.

ಹೋದ ವಾರ ನೀನು ಅಂಗಡಿಗೆ ಬಂದೆಯಲ್ಲ, ಅಮ್ಮನ ಕನ್ನಡಕದ ಕಾಲು ಸಡಿಲವಾಗಿದೆ ಎಂದು. ಗಲ್ಫಿನಿಂದ ರಜೆಯಲ್ಲಿ ಬಂದಿದ್ದೇನೆ ಎಂದೆ. ಪಪ್ಪ ತೀರಿಕೊಂಡು ವರ್ಷವಾಗುತ್ತ ಬಂತು ಎಂದೆ. ನಾನು ಏನೋ ಎರಡು ಮಾತು ಹೇಳಿ ಕನ್ನಡಕದ ಮೇಲೆ ಬಗ್ಗಿದೆ. ಆಗ ನೀನು ಮೆಲ್ಲಗೆ ಹೇಳಿದೆ: "ಅವತ್ತು ನೀವೊಬ್ಬರಾದ್ರೂ ನನಗೆ ನಿಜ ಹೇಳಿದ್ರಲ್ಲ ಅಂಕಲ್. ಥ್ಯಾಂಕ್ಸ್ ಹೇಳ್ಬೇಕು ಅಂತ ಇತ್ತು." ನಾನು ತಲೆ ಎತ್ತಲಿಲ್ಲ. ಸ್ಕ್ರೂ ಬಿಗಿ ಮಾಡುತ್ತಲೇ ಇದ್ದೆ — ಅದು ಆಗಲೇ ಬಿಗಿಯಾಗಿತ್ತು. ಆವತ್ತಿನಿಂದ ಸರಿಯಾಗಿ ನಿದ್ದೆ ಇಲ್ಲ. ಅದು ನಿನ್ನ ಕನಿಕರಕ್ಕಾಗಿ ಹೇಳಿದ್ದಲ್ಲ, ಇರುವುದನ್ನು ಹೇಳಿದೆ ಅಷ್ಟೆ.

ಕಾಸರಗೋಡಿನಲ್ಲಿ ಕನ್ನಡಕ ಮಾರುವ ಈ ಬ್ಯಾರಿಗೆ ಆಟಿಕೆ ಸಿಪಾಯಿಗಳ ಹುಚ್ಚು ಎಂಬುದು ಊರಿಗೆಲ್ಲ ಗೊತ್ತು. ದುಬೈಯಲ್ಲಿದ್ದಾಗ ಹಳೆಯ ಸಾಮಾನಿನ ಸಂತೆಗಳಲ್ಲಿ ಅಂಟಿಕೊಂಡ ಚಟ ಅದು. ಬೆರಳುದ್ದದ ಸೀಸದ ಸಿಪಾಯಿಗಳು, ಕುದುರೆ ಸವಾರರು, ತುತ್ತೂರಿ ಊದುವವರು — ಅವನ್ನು ಸಂಗ್ರಹಿಸುವವರಿಗಿಂತ ಗುರುತಿಸುವವರಿಗೆ ಮರ್ಯಾದೆ ಹೆಚ್ಚು. ಪೀಠದ ಅಡಿಯ ಗುರುತು, ಎರಡು ಅಚ್ಚು ಕೂಡಿದ ಗೆರೆ, ಒಳಗೆ ಟೊಳ್ಳೋ ಗಟ್ಟಿಯೋ ಎಂಬ ತೂಕ, ಬಣ್ಣದ ಹಳತು — ಇಷ್ಟನ್ನು ನೋಡಿ ಇದು ಇಂಥ ದೇಶದ್ದು, ಇಂಥ ಕಂಪೆನಿಯದ್ದು ಎನ್ನಬೇಕು. ನಾನು ಎನ್ನುತ್ತಿದ್ದೆ. ಸಂಗ್ರಾಹಕರ ವಾಟ್ಸಾಪ್ ಗುಂಪಿನಲ್ಲಿ ಯಾರು ಯಾವ ಫೋಟೋ ಹಾಕಿದರೂ ನನ್ನ ಉತ್ತರಕ್ಕೆ ಕಾಯುತ್ತಿದ್ದರು. ಗೊತ್ತಿಲ್ಲ ಎಂಬ ಮಾತು ನನ್ನ ಬಾಯಿಂದ ಬಂದದ್ದೇ ಇಲ್ಲ. ಅದೇ ನನ್ನ ರೋಗ ಎಂದು ಈಗ ಅನ್ನಿಸುತ್ತದೆ.

ನೀನು ಪಪ್ಪನ ಜೊತೆ ಮೊದಲ ಸಲ ಅಂಗಡಿಗೆ ಬರುವುದಕ್ಕೆ ಬಹಳ ಹಿಂದೆ ನಾಯ್ಮಾರ್ಮೂಲೆಯ ಒಂದು ಗುಜರಿ ಅಂಗಡಿಯಲ್ಲಿ ನನಗೊಬ್ಬ ಸಿಪಾಯಿ ಸಿಕ್ಕಿದ್ದ. ಕೆಂಪು ಕೋಟು, ಹೆಗಲಲ್ಲಿ ಮೂಟೆ, ಕೈಯಲ್ಲಿ ಬಂದೂಕು — ಆದರೆ ಬರಿಗಾಲು. ಹತ್ತು ಬೆರಳೂ ಕಾಣುವ ಬರಿಗಾಲು. ಯಾರೂ ಅಂಥದ್ದನ್ನು ಕಂಡಿರಲಿಲ್ಲ. ನಾನು ಎರಡು ದಿನ ತಲೆ ಕೆರೆದುಕೊಂಡು, ಇದು ಕಡಲಾಚೆಯ ಒಂದು ಹಳೆಯ ಕಂಪೆನಿ ನಮ್ಮ ಕಡೆಯ ಗುಡ್ಡಗಾಡಿನ ಪಡೆಯನ್ನು ನೋಡಿ ಮಾಡಿದ ಅಪರೂಪದ ಅಚ್ಚು ಎಂದು ಬರೆದೆ. ಆ ಕಂಪೆನಿಯವು ಟೊಳ್ಳು, ಇದು ಗಟ್ಟಿ — ಆ ತೊಡಕಿಗೂ ಒಂದು ಕಾರಣ ಹೊಸೆದೆ. ಎಲ್ಲರೂ ಹೌದೆಂದರು. ಹೊರದೇಶದವರು ಕೂಡ ನನ್ನ ಮಾತನ್ನೇ ಎತ್ತಿ ಬರೆದರು. ನಾನು ನೆಲದಿಂದ ಒಂದು ಗೇಣು ಮೇಲೆಯೇ ನಡೆಯುತ್ತಿದ್ದೆ.

ಆಮೇಲೆ ನಿನ್ನ ಫೋನು ಬಂತು. ಕುಂಜತ್ತೂರಿನಿಂದ, ಲಾರೆನ್ಸ್ ಪೊರ್ಬುಗಳ ಮಗಳು ಎಂದೆ. ಪಪ್ಪ ಕುಡಿತದ ದಿನಗಳಲ್ಲಿ ಬಾಯಿ ತೆರೆದರೆ ಸುಳ್ಳು ಹೇಳಿದವರು, ಈಗ ಕುಡಿತ ಬಿಟ್ಟಿದ್ದಾರೆ, ಆದರೆ ನಂಬಲು ಆಗುವುದಿಲ್ಲ ಎಂದೆ. ನೀನು ಚಿಕ್ಕವಳಿದ್ದಾಗ ಆಡಿದ ಸಿಪಾಯಿಗಳನ್ನು ತಾನೇ ಎರಕ ಹೊಯ್ದು ಮಾಡಿದ್ದು ಎಂದು ಅವರು ಹೇಳುತ್ತಾರೆ, ಅಮ್ಮ ನಂಬುವುದಿಲ್ಲ, ಚಿಕ್ಕಪ್ಪಂದಿರು ನಗುತ್ತಾರೆ — ನೀವು ನೋಡಿ ಹೇಳಿದರೆ ಸಾಕು ಎಂದೆ. ಒಂದೇ ಒಂದು ಮಾತಾದರೂ ನಿಜ ಎಂದು ಗೊತ್ತಾದರೆ ಪಪ್ಪನ ಜೊತೆ ಮೊದಲಿನ ಹಾಗೆ ಮಾತಾಡಬಹುದು ಎಂದು ನೀನು ಹೇಳಿದ್ದು ನನಗೆ ಚೆನ್ನಾಗಿ ನೆನಪುಂಟು. ವಿಷಯ ಎಷ್ಟು ದೊಡ್ಡದು ಎಂದು ನನಗೆ ಗೊತ್ತಿರಲಿಲ್ಲ ಎನ್ನುವ ಹಾಗಿಲ್ಲ.

ನೀವಿಬ್ಬರೂ ಬಂದ ಮಧ್ಯಾಹ್ನ ಮಂಗಳೂರಿನ ಇಬ್ಬರು ಸಂಗ್ರಾಹಕರು ಅಂಗಡಿಯಲ್ಲಿ ಕೂತಿದ್ದರು — ನನ್ನ ಬರಿಗಾಲ ಸಿಪಾಯಿಯನ್ನು ನೋಡಲೆಂದೇ ಬಂದವರು. ನಿನ್ನ ಪಪ್ಪ ಟವೆಲ್ಲಿನ ಗಂಟು ಬಿಚ್ಚಿದರು. ಒಳಗೆ ಬರಿಗಾಲ ಸಿಪಾಯಿಗಳ ಒಂದು ಸಾಲೇ ಇತ್ತು. ಮಂಗಳೂರಿನವರು ಕುರ್ಚಿ ಮುಂದಕ್ಕೆಳೆದರು.

ಪೊರ್ಬುಗಳು ನಿಧಾನವಾಗಿ ಹೇಳಿದರು. ಕ್ರಿಸ್ಮಸ್ಸಿಗೆ ಮನೆಯಲ್ಲಿ ಕಟ್ಟುವ ಗೋದಲಿಯಲ್ಲಿ ಒಬ್ಬ ಕುರುಬನ ಗೊಂಬೆ ಇತ್ತಂತೆ, ಕುರಿಮರಿಯನ್ನು ಹೆಗಲಿಗೆ ಹಾಕಿಕೊಂಡದ್ದು. ಮನೆಯವರೆಲ್ಲ ಮಲಗಿದ ಮೇಲೆ ಅದನ್ನು ಹಂಚಿನ ಮಣ್ಣಿನಲ್ಲಿ ಒತ್ತಿ ಅಚ್ಚು ಮಾಡಿದರಂತೆ. ಬಲೆಗೆ ಕಟ್ಟುವ ಸೀಸದ ಗುಂಡುಗಳನ್ನು ಕರಗಿಸಿ ಹೊಯ್ದರಂತೆ. ಕುರುಬನ ಕೋಲು ಬಂದೂಕಾಯಿತು, ಕುರಿಮರಿ ಮೂಟೆಯಾಯಿತು. ಕಾಲಿಗೆ ಬೂಟು ಮಾಡಲು ಮಾತ್ರ ತನಗೆ ಬರಲಿಲ್ಲ ಎಂದರು. ನೆರೆಮನೆಯ ಮಕ್ಕಳಿಗೂ ಕೆಲವನ್ನು ಕೊಟ್ಟಿದ್ದರಂತೆ. ಮೂಲದ ಗೊಂಬೆ ಒಡೆದುಹೋಗಿ ಎಷ್ಟೋ ಕಾಲವಾಗಿತ್ತು, ತೋರಿಸಲು ಏನೂ ಇರಲಿಲ್ಲ. ನೀನು ಅವರ ಮುಖ ನೋಡುತ್ತಿರಲಿಲ್ಲ, ನನ್ನ ಮುಖ ನೋಡುತ್ತಿದ್ದೆ.

"ಎದೆಯ ಹತ್ರ ಒಮ್ಮೆ ನೋಡಿ ಬ್ಯಾರಿಗಳೇ," ಎಂದರು ಅವರು. "ಕುರಿಯ ಕಾಲು ಉಂಟು. ಅರದಲ್ಲಿ ತಿಕ್ಕಿದ್ದೆ, ಪೂರಾ ಹೋಗ್ಲಿಲ್ಲ."

ನಾನು ಭೂತಗನ್ನಡಿ ಹಿಡಿದೆ. ಎಷ್ಟೋ ಸಲ ನೋಡಿದ್ದ ನನ್ನ ಸಿಪಾಯಿಯದೇ ಅಚ್ಚು ಅದು. ಎದೆಯ ಮೇಲಿನ ಉಬ್ಬುಗಳನ್ನು ಮೂಟೆಯ ಪಟ್ಟಿಗಳು ಎಂದು ನಾನೇ ಬರೆದಿದ್ದೆ. ಆದರೆ ಆ ಪಟ್ಟಿ ಎದೆಯ ಮೇಲೆ ಕೊನೆಯಾಗುವ ಕಡೆ, ಅಲ್ಲಿ — ಇಬ್ಭಾಗವಾದ ಒಂದು ಪುಟ್ಟ ಗೊರಸು. ಅದರ ಮೇಲೆ ಅರದ ಗೀರುಗಳು. ಯಾವ ಕಂಪೆನಿಯೂ ಸಿಪಾಯಿಯ ಎದೆಯ ಮೇಲೆ ಕುರಿಯ ಗೊರಸು ಮಾಡುವುದಿಲ್ಲ. ನನ್ನ ಗುಡ್ಡಗಾಡಿನ ಪಡೆ, ನನ್ನ ಕಡಲಾಚೆಯ ಕಂಪೆನಿ, ನಾನು ಹೊಸೆದ ಕಾರಣ — ಎಲ್ಲ ಆ ಒಂದು ಗೊರಸಿನಡಿ ಸಿಕ್ಕಿಕೊಂಡವು. ಮಂಗಳೂರಿನವರಲ್ಲಿ ಒಬ್ಬರು ಕೈ ಚಾಚಿ ಭೂತಗನ್ನಡಿ ಕೇಳಿದರು. ನಾನು ಕೊಡಲಿಲ್ಲ. ಸಿಪಾಯಿಯನ್ನು ಇನ್ನಷ್ಟು ಹೊತ್ತು ಅತ್ತಿತ್ತ ತಿರುಗಿಸಿದೆ, ನೋಡಲಿಕ್ಕಲ್ಲ — ಏನು ಹೇಳಲಿ ಎಂದು ಲೆಕ್ಕ ಹಾಕಲಿಕ್ಕೆ.

"ಕುರಿಯ ಕಾಲಲ್ಲ ಪೊರ್ಬುಗಳೇ, ಅದು ಬೆಲ್ಟಿನ ಬಕಲ್," ಎಂದೆ. "ಇದು ಫಾರಿನ್ ಮಾಲು. ಮನೆಯಲ್ಲಿ ಮಾಡುವಂಥದ್ದಲ್ಲ."

ಎಷ್ಟು ಸರಾಗವಾಗಿ ಬಂತು ಆ ಮಾತು. ನಗುತ್ತಲೇ ಹೇಳಿದೆ, ವಯಸ್ಸಾದವರಿಗೆ ಬುದ್ಧಿ ಹೇಳುವ ಧಾಟಿಯಲ್ಲಿ. ಮಂಗಳೂರಿನವರು ತಲೆಯಾಡಿಸಿದರು. ನೀನು ಪಪ್ಪನ ಕಡೆ ತಿರುಗಿದೆ. ಬೈಯಲಿಲ್ಲ, ಅಳಲಿಲ್ಲ, "ನಡೀರಿ ಪಪ್ಪಾ" ಎಂದೆ ಅಷ್ಟೆ. ಅವರು ಸಿಪಾಯಿಗಳನ್ನು ಒಂದೊಂದಾಗಿ ಟವೆಲ್ಲಿಗೆ ಹಾಕಿದರು. ಒಂದನ್ನು ಮಾತ್ರ ನನ್ನ ಮೇಜಿನ ಮೇಲೇ ಬಿಟ್ಟರು. ಅದನ್ನು ನಾನು ಕಂಪೆನಿಯ ಹೆಸರಿನ ಚೀಟಿ ಅಂಟಿಸಿ ಗಾಜಿನ ಕಪಾಟಿನಲ್ಲಿಟ್ಟೆ. ಹೌದು, ಅದನ್ನೂ ಮಾಡಿದೆ.

ಇವತ್ತು ಬೆಳಿಗ್ಗೆ ಗುಂಪಿನಲ್ಲಿ ಬರೆದಿದ್ದೇನೆ: ಬರಿಗಾಲ ಸಿಪಾಯಿಗಳನ್ನು ಮಾಡಿದವರು ಕುಂಜತ್ತೂರಿನ ಲಾರೆನ್ಸ್ ಪೊರ್ಬುಗಳು, ನಾನು ಹೇಳಿದ್ದು ಸುಳ್ಳು, ಗೊತ್ತಿದ್ದೂ ಹೇಳಿದ ಸುಳ್ಳು. ಫೋನು ಬಡಿದುಕೊಳ್ಳುತ್ತಲೇ ಇದೆ. ಬಡಿದುಕೊಳ್ಳಲಿ. ಅವರ ಮುಂದೆ ಹೋದ ಮಾನ ದೊಡ್ಡದೇನಲ್ಲ. ನಾಳೆ ನಿಮ್ಮ ಮನೆಗೆ ಬಂದು ಅಮ್ಮನ ಎದುರು, ಚಿಕ್ಕಪ್ಪಂದಿರನ್ನು ಕರೆಸಿದರೆ ಅವರೆದುರು ಕೂಡ, ಇದನ್ನೇ ಹೇಳುತ್ತೇನೆ. ಬಾಗಿಲು ತೆರೆಯದಿದ್ದರೆ ಅಂಗಳದಲ್ಲಿ ನಿಂತು ಹೇಳುತ್ತೇನೆ.

ಆದರೆ ಇನ್ನೊಂದು ಮಾತುಂಟು. ಅದು ಗುಂಪಿಗೆ ಬರೆಯುವಂಥದ್ದಲ್ಲ, ನಿನ್ನೊಬ್ಬಳಿಗೇ ಹೇಳಬೇಕಾದದ್ದು.

ಆವತ್ತು ನೀನು ರಿಕ್ಷಾ ನಿಲ್ಲಿಸಲು ರಸ್ತೆಗೆ ಇಳಿದೆ. ಮಂಗಳೂರಿನವರು ಕಪಾಟಿನ ಹತ್ತಿರ ಹೋಗಿದ್ದರು. ನಿನ್ನ ಪಪ್ಪ ಮೇಜಿನ ಮೇಲೆ ಬಗ್ಗಿದರು. ಸಿಟ್ಟಿರಲಿಲ್ಲ ಅವರಿಗೆ — ಸಿಟ್ಟಾಗಿದ್ದರೆ ನನಗೆ ಎಷ್ಟೋ ಸುಲಭವಾಗುತ್ತಿತ್ತು.

"ನಿಮಗೆ ಕಂಡಿದೆ, ನನಗೆ ಗೊತ್ತಾಯ್ತು," ಎಂದರು. "ಇವರ ಎದುರು ನಿಮ್ಮ ಮರ್ಯಾದೆ ಹೋಗುವುದು ಬೇಡ. ಅವಳಿಗೊಬ್ಬಳಿಗೆ ಹೇಳಿ, ಬ್ಯಾರಿಗಳೇ. ಅವಳು ವಿಮಾನ ಹತ್ತುವ ಮೊದಲು."

ನಾನು ಹೂಂ ಎಂದೆ. ನಿನ್ನ ನಂಬರು ನನ್ನ ಫೋನಿನಲ್ಲಿತ್ತು. ನೀನು ವಿಮಾನ ಹತ್ತಿದೆ, ಅವರು ಕಾದರು — ಎಷ್ಟು ಕಾಲ ಕಾದರೋ, ಯಾವತ್ತು ಕಾಯುವುದನ್ನು ಬಿಟ್ಟರೋ, ಕೇಳಲು ಈಗ ಅವರಿಲ್ಲ. ನಾನು ಫೋನು ಮಾಡಲಿಲ್ಲ.

ಆ ಸಿಪಾಯಿಗಳನ್ನು ನಿನ್ನ ಪಪ್ಪನೇ ಮಾಡಿದ್ದು, ಜೆಸಿಂತಾ. ನಿನಗೆ ಆಡಲಿಕ್ಕೆಂದು ಮಾಡಿದ್ದು.