ತಂತಿರಾಯನ ಎಕೋ ಪೆಟ್ಟಿಗೆ

ಗೆಳೆಯನನ್ನು ನಾವೆಲ್ಲ ತಂತಿರಾಯ ಎನ್ನುತ್ತಿದ್ದೆವು. ತಂತಿ ತುಳಿಯದೆ ಅವನ ಕೋಣೆಯ ಕುರ್ಚಿ ಮುಟ್ಟಿದವರಿಲ್ಲ. ನಾಟಕಕ್ಕೆ, ಜಾಹೀರಾತಿಗೆ ಸಂಗೀತ ಕೂಡಿಸಿಕೊಟ್ಟು ಬದುಕಿದವನು. ಕೆಲಸವೆಲ್ಲ ಕಂಪ್ಯೂಟರಿನಲ್ಲೇ. ಆದರೂ ಪ್ರತಿ ದನಿಯನ್ನೂ ತಂತಿಯಲ್ಲಿ ಹೊರಗೆ ಕಳಿಸಿ, ಮಾರ್ದನಿ ಕೊಡುವ ಹಳೆಯ ಎಕೋ ಪೆಟ್ಟಿಗೆಯೊಳಗೆ ಹಾಯಿಸಿ, ಮತ್ತೆ ಒಳಗೆ ತಂದುಕೊಳ್ಳುತ್ತಿದ್ದ. ಪಕ್ಕದ ಸಿಂಥ್ ಕೀಬೋರ್ಡು ಅವನಿಗಿಂತ ಸೋಮಾರಿ. ಮೈ ಬಿಸಿಯಾಗುವ ತನಕ ಶ್ರುತಿಗೆ ಬರುತ್ತಿರಲಿಲ್ಲ.

“ಕಂಪ್ಯೂಟರಲ್ಲೇ ಎಕೋ ಇದೆಯಲ್ಲೋ,” ಎಂದರೆ, “ಅದು ಗಿಳಿ ಕಣೋ, ಹೇಳಿದ್ದನ್ನೇ ಹೇಳತ್ತೆ. ಇದು ಕೇಳಿಸ್ಕೊಂಡು ಹೇಳತ್ತೆ,” ಎನ್ನುತ್ತಿದ್ದ.

ಆ ಪೆಟ್ಟಿಗೆಯೊಳಗೆ ತುಂಡು ಟೇಪೊಂದು ಬಂದ ದನಿಯನ್ನು ಹಿಡಿದುಕೊಂಡು ಉಂಗುರದಂತೆ ಸುತ್ತುತ್ತಿತ್ತು. ಹಳೆಯ ದನಿಯನ್ನು ಅಳಿಸುವ ಭಾಗ ಸವೆದು, ಸುತ್ತಿಗೆ ಇಷ್ಟಿಷ್ಟೇ ಅಳಿಸುತ್ತಿತ್ತು. ಹಾಗಾಗಿ ಹೊಸ ಹಾಡಿನಡಿಯಲ್ಲಿ ಹಿಂದಿನ ಯಾವುದೋ ಹಾಡು ಪಿಸುಗುಡುತ್ತಿತ್ತು. ರಿಪೇರಿಗೆ ಕೊಡು ಎಂದರೆ ಕೊಡಲಿಲ್ಲ. “ಹಳೇ ಬಾಡಿಗೆದಾರರು, ಇರ್ಲಿ ಬಿಡು.”

ತೀರಿಕೊಂಡದ್ದೂ ಆ ಕುರ್ಚಿಯಲ್ಲೇ, ಎದುರಿಗೆ ಪೆಟ್ಟಿಗೆಗೆ ಸೇರಿಸಿದ ಮೈಕು ಆನ್ ಆಗಿದ್ದಾಗಲೇ. ಅವನ ಹೆಂಡತಿ, ನಮಗೆಲ್ಲ ಅತ್ತಿಗೆ, ಅಂದು ತಂಗಿಯ ಮನೆಗೆ ಹೋಗಿದ್ದರು. ಮರಳುವಷ್ಟರಲ್ಲಿ ಎಲ್ಲ ಮುಗಿದಿತ್ತು; ಕರೆಂಟು ಹೋಗಿ ಪೆಟ್ಟಿಗೆಯೂ ನಿಂತಿತ್ತು. ಆಮೇಲೆ ಅದನ್ನು ಯಾರೂ ಮುಟ್ಟಲಿಲ್ಲ. ಅತ್ತಿಗೆಯನ್ನು ಕೊರೆಯುತ್ತಿದ್ದದ್ದು ಒಂದೇ: ಅವನು ತನ್ನನ್ನು ಕೂಗಿದನೇ?

“ಟೇಪಲ್ಲಿ ಇರತ್ತಲ್ವಾ? ಹಾಕಿ,” ಎಂದರು ಒಂದು ದಿನ.

“ಅತ್ತಿಗೆ, ಸುತ್ತಿದ ಹಾಗೆಲ್ಲ ಅಳಿಸ್ತಾ ಹೋಗತ್ತೆ.”

“ಹೋಗ್ಲಿ. ಗೊತ್ತಾಗದೆ ಬದುಕೋಕ್ಕಾಗಲ್ಲ ನನಗೆ.”

ಸ್ವಿಚ್ಚು ಒತ್ತಿದೆ. ಕಂಪ್ಯೂಟರಿನ ಪರದೆಯ ಮೇಲೆ ಹಸಿರು ಗೆರೆ ಮಿಸುಕಿತು. ಕುರ್ಚಿ ಕಿರುಗುಟ್ಟಿದ ಸದ್ದು. ಏದುಸಿರು. ಆಮೇಲೆ ಅವನು: “ಏನೇ... ಬಾರೇ ಇಲ್ಲಿ.”

ಅತ್ತಿಗೆ ಬಾಯಿಗೆ ಕೈ ಒತ್ತಿಕೊಂಡರು. ಆ ಕರೆಯ ಬೆನ್ನಿಗೇ, ಅಡುಗೆಮನೆಯಿಂದ ಎಂಬಂತೆ, ಇನ್ನೊಂದು ದನಿ: “ಬಂದೆ.”

ಅದು ಅತ್ತಿಗೆಯದೇ ದನಿ.

“ನಾನು ಮನೇಲೇ ಇರ್ಲಿಲ್ಲ...”

“ಹಳೇದಿರ್ಬೇಕು ಅತ್ತಿಗೆ. ಯಾವತ್ತೋ ಉಳಿದದ್ದು,” ಎಂದೆ. ನನಗೇ ನಂಬಿಕೆಯಾಗಲಿಲ್ಲ. ಅವನನ್ನು ಇನ್ನೊಮ್ಮೆ ಕಳೆದುಕೊಳ್ಳುವ ಧೈರ್ಯ ಸಾಲದೆ ಕಂಪ್ಯೂಟರಿನ ರೆಕಾರ್ಡ್ ಗುಂಡಿಯತ್ತ ಕೈ ಚಾಚಿದೆ. ಅವರು ಮಣಿಕಟ್ಟು ಹಿಡಿದುಕೊಂಡರು.

“ಬೇಡ. ಇಟ್ಕೊಂಡ್ರೆ ದಿನಾ ಕೇಳ್ತೀನಿ. ಕರೆದಾಗ ಯಾರೋ ಓಗೊಟ್ರಲ್ಲ, ಅಷ್ಟು ಸಾಕು.”

ಟೇಪು ಸುತ್ತುತ್ತಲೇ ಇತ್ತು. ಸುತ್ತು ಸುತ್ತಿಗೂ ಅವನ ದನಿ ತೆಳುವಾಗಿ, ಕೊನೆಗೆ ಬರೀ ಸುಯ್ಲಾಯಿತು. “ಬಂದೆ” ಮಾತ್ರ ಒಂದಿಷ್ಟೂ ಮಾಸಲಿಲ್ಲ. ಅತ್ತಿಗೆ ತಾವೇ ಎದ್ದು ಸ್ವಿಚ್ಚು ಆರಿಸಿದರು.