ಪುಟದ ಮೂಲೆಯ ‘ಬ’

ಬಸವಂತಮ್ಮ ಭಾರೀ ಮಡಿವಂತ ಹೆಂಗಸು ಎಂದು ಈ ಸಾಲುಗಳನ್ನು ಬರೆದವನು ಮೂರು ವರ್ಷ ನಂಬಿಕೊಂಡಿದ್ದ. ನಂಬದೆ ಏನು ಮಾಡುವುದು? ರಾಯಚೂರಿನ ತೀನ್ ಕಂದೀಲ್ ಹತ್ತಿರದ ‘ಎರೆಸೀಮೆ ಸಂಜೆ’ ಪತ್ರಿಕೆಯ ಕಚೇರಿಗೆ ಯಾವ ಮಧ್ಯಾಹ್ನ ಹೋದರೂ ಆಕೆ ಪ್ರೂಫ್ ನೋಡುತ್ತ ಕೂತಿರುತ್ತಿದ್ದಳು. ಗಂಡು ಹೆಣ್ಣಿನ ಸುದ್ದಿ ಬಂತೆಂದರೆ ಸೆರಗಿನಿಂದ ಮೂಗು ಮುಚ್ಚಿ, ‘ಥೂ’ ಎಂದು, ಕೆಂಪು ಪೆನ್ನು ಎಳೆಯುತ್ತಿದ್ದಳು. ಪಾಪ, ಇಂಥ ವಿಷಯ ಆಕೆಗೆ ಸೇರುವುದಿಲ್ಲ ಎಂದುಕೊಂಡು ಅವನು ಆಕೆಯೆದುರು ಸಿನಿಮಾ ಮಾತು ಕೂಡ ಎತ್ತುತ್ತಿರಲಿಲ್ಲ. ಸೇರದೆ ಇದ್ದದ್ದು ವಿಷಯವಲ್ಲ, ಅದನ್ನು ಬರೆಯುವವರ ಬಾಯಿಚಪಲ ಎಂದು ತಿಳಿದದ್ದು ಬಹಳ ತಡವಾಗಿ.

ಅರಕೇರಾದಲ್ಲಿ ಹುಟ್ಟಿದ ಬಸವಂತಮ್ಮ ಹದಿನೇಳರ ವಯಸ್ಸಿಗೆ ರಾಯಚೂರಿಗೆ ಬಂದು ಲಗ್ನಪತ್ರಿಕೆ ಹಾಕುವ ಪ್ರೆಸ್ಸಿನಲ್ಲಿ ಅಚ್ಚಿನ ಮೊಳೆ ಜೋಡಿಸಲು ಕೂತವಳು. ಸೀಸದ ಮೊಳೆಗಳು ಗುಜರಿಗೆ ಹೋದವು, ಕಂಪ್ಯೂಟರು ಬಂತು, ಆಕೆಗೆ ಐವತ್ತೆರಡಾಯಿತು. ಆದರೆ ಒಂದೊಂದೇ ಅಕ್ಷರವನ್ನು ಕೈಯಿಂದ ಎತ್ತಿಟ್ಟು ಅಭ್ಯಾಸವಾದವಳಿಗೆ ಬೇಡದ ಮಾತು ಕಂಡರೆ ಈಗಲೂ ಬೆರಳು ನೋಯುತ್ತಿತ್ತು. ದೇವದುರ್ಗದ ವರದಿಗಾರ ಒಮ್ಮೆ ‘ಶೀಲ ಶಂಕಿಸಿ ಪತ್ನಿಯ ಕೊಲೆ’ ಎಂದು ಕಳಿಸಿದ್ದ. ಆಕೆ ಫೋನ್ ಹಚ್ಚಿ ಕೇಳಿದ್ದು ಒಂದೇ ಮಾತು: “ಕೊಂದಾಂವನ ಶೀಲ ಹೆಂಗಿತ್ತಂತಪಾ? ಅದನ್ನೂ ಬರಿ, ಎರಡೂ ಹಾಕೂಣಂತ.” ಅಂದು ‘ಪತ್ನಿಯನ್ನು ಕೊಂದ ಪತಿ ಬಂಧನ’ ಎಂದು ಅಚ್ಚಾಯಿತು.

ಆಕೆಗೆ ಇಷ್ಟು ಅಧಿಕಾರ ಬಂದದ್ದು ಒಬ್ಬ ಹಿರಿಯರ ಸಾವಿನಿಂದ. ಸತ್ತಿರಲಿಲ್ಲ, ಅದೇ ತೊಂದರೆಯಾದದ್ದು. ದೇವಸುಗೂರಿನ ಆ ಹಿರಿಯರು ತಮ್ಮ ಶ್ರದ್ಧಾಂಜಲಿ ಓದಿಕೊಂಡು ನೇರ ಕಚೇರಿಗೆ ಬಂದು, ಕುರ್ಚಿ ಎಳೆದುಕೊಂಡು ಕೂತು, ಚಹಾ ತರಿಸಿ ಎಂದಿದ್ದರು. ಅಂದೇ ಸಂಪಾದಕ ಪಂಪಾಪತಿಯವರು ಕಾನೂನು ಮಾಡಿದರು: ಪ್ರತಿ ಪುಟದ ಕೆಳಮೂಲೆಯಲ್ಲಿ ಬಸವಂತಮ್ಮನ ‘ಬ’ ಬೀಳದೆ ಮಷಿನ್ ತಿರುಗಕೂಡದು. ಪಂಪಾಪತಿಯವರು ಮೂಲತಃ ಅಕ್ಕಿ ಗಿರಣಿಯವರು. ಅವರ ಬಾಗಿಲ ಮೇಲಿನ ಫಲಕದಲ್ಲಿ ‘ಸಂಸ್ಥಾಪಕರು, ಪ್ರಧಾನ ಸಂಪಾದಕರು ಹಾಗೂ ಚಿಂತಕರು’ ಎಂದಿತ್ತು. ಮೊದಲ ಪುಟದ ಅವರ ಅಂಕಣದ ಮೇಲಿನ ಭಾವಚಿತ್ರ ವರ್ಷದಿಂದ ವರ್ಷಕ್ಕೆ ಚಿಕ್ಕ ವಯಸ್ಸಿನದಾಗುತ್ತಿತ್ತು.

ಹೋದ ಶ್ರಾವಣದ ಒಂದು ಮಂಗಳವಾರ, ಮಧ್ಯಾಹ್ನ ಎರಡೂವರೆಗೆ, ಮಾನವಿಯ ವರದಿಗಾರ ವೆಂಕಣ್ಣನ ಸುದ್ದಿ ಬಂತು. ‘ಬಾಡಿಗೆ ಮನೆಯಲ್ಲಿ ಅಸಹಜ ಕಾಮಕೇಳಿ: ಯುವತಿಯರಿಬ್ಬರು ಪೊಲೀಸರ ಬಲೆಗೆ’. ಕೆಳಗೆ ‘ಸುಸಂಸ್ಕೃತ ಮಾನವಿ ತಲೆ ತಗ್ಗಿಸುವಂಥ ಘಟನೆ’ ಎಂದು ಸುರುವಾಗಿ, ಬೆವರು, ಉಸಿರು, ಮುಚ್ಚಿದ ಕಿಟಕಿ ಎಲ್ಲ ಬಂದು, ಕೊನೆಗೆ ‘ಹೆಸರುಗಳನ್ನು ಗೋಪ್ಯವಾಗಿಡಲಾಗಿದೆ’ ಎಂದಿತ್ತು. ಬಸವಂತಮ್ಮನಿಗೆ ಯಾರದೋ ಎಂಜಲು ಕೈಗೆ ಮೆತ್ತಿದಂತಾಯಿತು. ಕೈ ಒರೆಸಿಕೊಂಡು ಫೋನ್ ಹಚ್ಚಿದಳು.

“ಲೇ ವೆಂಕಣ್ಣ, ಕಿಟಕಿ ಮುಚ್ಚಿತ್ತು ಅಂತ ಬರ್ದೀದಿ. ಮತ್ತ ಒಳಗಿಂದೆಲ್ಲಾ ನಿನಗ ಹೆಂಗ ಕಂಡ್ತು?”

“ಅಕ್ಕಾ, ಅದು... ಓದವರಿಗೆ ಒಂಚೂರು ರುಚಿ ಇರ್ಲಿ ಅಂತ್ರಿ.”

“ಕೇಸ್ ಆಗ್ಯದೇನು?”

“ಕೇಸ್ ಇಲ್ರಿ. ಮನಿ ಮಾಲಕ, ಅದ ನಮ್ಮ ಸಾವ್ಕಾರ್ರ ಗಿರಣಿ ಗಿರಾಕಿ, ಠಾಣಾಕ ಹೋಗಿದ್ದ. ಪೊಲೀಸರು ಇಬ್ಬರ್ನೂ ಕರೆಸಿ ವಯಸ್ಸು ಕೇಳಿದ್ರು, ಇಪ್ಪತ್ತೆಂಟು, ಮೂವತ್ತು ಅಂದ್ರು. ಇದ್ರಾಗ ತಪ್ಪೇನಿಲ್ಲ, ಮನಿಗೆ ನಡೀರಿ ಅಂತ ಕಳಿಸ್ಯಾರ.”

“ಮತ್ತ ಬಲಿ ಎಲ್ಲಿಂದ ತಂದಿ? ಹೊಳಿಗೆ ಮೀನ ಹಿಡ್ಯಾಕ ಹೋಗಿದ್ದೇನು? ಆ ಹುಡುಗ್ಯಾರ ಜೋಡಿ ಮಾತಾಡಿಯಾ?”

“ಅಂಥವರ ಜೋಡಿ ಏನ್ ಮಾತಾಡೂದ್ರಿ ಅಕ್ಕಾ! ಊರ ತಲಿ ತಗ್ಗಿಸ್ಯದ.”

“ಊರು ತಲಿ ತಗ್ಗಿಸಿದ್ದು ನೀ ನೋಡಿಯೇನು? ಇವತ್ತ ಮುಂಜಾನಿ ನಾ ಮಾನವಿ ಹಾದೇ ಬಂದೆ. ಎಲ್ಲಾರೂ ಬಸ್‌ಸ್ಟ್ಯಾಂಡಿನ್ಯಾಗ ತಲಿ ಎತ್ತೇ ಮಿರ್ಚಿ ತಿನ್ನಾಕತ್ತಿದ್ರು.”

ಫೋನ್ ಇಟ್ಟು, ಹಾಳೆ ಹಿಡಿದು ಚಿಂತಕರ ಕೋಣೆಗೆ ಹೋದಳು. ಇದನ್ನು ಹೀಗೆ ಹಾಕಬಾರದು ಎಂದಳು. ಪಂಪಾಪತಿಯವರು ಕನ್ನಡಕ ಮೂಗಿನ ತುದಿಗೆ ಇಳಿಸಿದರು. ಸಮಾಜದ ಬಗ್ಗೆ ಮಾತಾಡುವಾಗ ಅವರು ಹಾಗೆ ಮಾಡುತ್ತಿದ್ದರು.

“ಬಸವಂತಮ್ಮ, ಪತ್ರಿಕಿಗೆ ಒಂದು ಜವಾಬ್ದಾರಿ ಇರ್ತದ. ಮತ್ತ ಹೆಸರು ಎಲ್ಲಿ ಹಾಕೀವಿ? ನಮ್ಮದು ಮರ್ಯಾದಸ್ತ ಪತ್ರಿಕಿ.”

ಬಸವಂತಮ್ಮ ಹಾಳೆಯ ತಲೆಬರಹವನ್ನು ಹಿಂದಕ್ಕೆ ಮಡಚಿದಳು. ವಿಳಾಸದ ಎರಡು ಸಾಲು ಮಾತ್ರ ಕಾಣುವಂತೆ ಬೆರಳಿಟ್ಟು, ಬಂಡಲ್ ಕಟ್ಟುವ ಗಡಿಗೆಪ್ಪನನ್ನು ಕರೆದಳು. ಅವನು ಮಾನವಿಯವನು.

“ಗಡಿಗೆಪ್ಪ, ಇಷ್ಟ ಓದಿ ಹೇಳು, ಯಾರಿಕಿ?”

ಗಡಿಗೆಪ್ಪ ಕೂಡಿಸಿಕೊಂಡು ಓದಿದ. “‘ಹಳೇ ಬಸ್‌ಸ್ಟ್ಯಾಂಡಿನ ಎದುರಿಗೆ ಹೊಲಿಗೆ ಅಂಗಡಿ ಇಟ್ಟ, ಮಟಮಾರಿಯ ನಿವೃತ್ತ ಮಾಸ್ತರರ ಮಗಳು...’ ಇಕಿ ನಮ್ಮ ರಾಧಾ ಅಲ್ಲೇನ್ರಿ ಯವ್ವಾ! ನಮ್ಮಾಕಿ ಜಂಪರ್ ಎಲ್ಲಾ ಇಕಿ ಕಡೀನೇ. ಏನ್ ಬಹುಮಾನ ಬಂತೇನ್ರಿ?”

“ಬರಂಗದ, ನಡಿ,” ಎಂದು ಅವನನ್ನು ಕಳಿಸಿ ಬಸವಂತಮ್ಮ ಹಾಳೆಯನ್ನು ಮೇಜಿನ ಮೇಲಿಟ್ಟಳು. “ಹೆಸರು ಮುಚ್ಚೀವಿ ಸಾವ್ಕಾರ್ರ. ಊರು, ಓಣಿ, ಅಂಗಡಿ, ಅಪ್ಪ, ಎಲ್ಲಾ ಬಿಚ್ಚೀವಿ. ಮಾಸ್ತರ ಎದಿ ಒಡಕೊಂಡ್ರ ಅದನ್ನೂ ಹಾಕ್ತೀರೇನು? ಮೂಲೆಯೊಳಗ ಜಾಗ ಬಿಟ್ಟಿರ್ತೀನಿ.”

“ನೋಡ್ರಿ, ವಿಳಾಸ ತಗದುಬಿಡೂಣು. ಉಳಿದದ್ದು ಇರ್ಲಿ.”

“ಉಳಿದದ್ದರಾಗ ಖರೇದ್ದು ಎಷ್ಟದ? ಪೊಲೀಸರು ತಪ್ಪಿಲ್ಲ ಅಂದಾರ. ವೆಂಕಣ್ಣ ಕಿಟಕಿ ಹೊರಗ ನಿಂತು ಮನಸಿನ್ಯಾಗ ಮಂಡಿಗಿ ತಿಂದಾನ. ಆ ಮಂಡಿಗಿ ನಾವ್ಯಾಕ ಊರಿಗೆ ಹಂಚಬೇಕು? ಹೊಲಸು ಇದ್ರ ಇವನ ಬರವಣಿಗ್ಯಾಗದ.”

ಪಂಪಾಪತಿಯವರು ಜವಾಬ್ದಾರಿಯ ಮಾತು ಮುಂದುವರಿಸಿದರು. ಬಸವಂತಮ್ಮ ಹೊರಗೆ ಬಂದು, ಮೂರನೇ ಪುಟವನ್ನು ಮಷಿನ್ ನೋಡುವ ಶಾಕಿರ್‌ನ ಎದುರಿಗೆ ಇಟ್ಟಳು. ಮೂಲೆ ಬೋಳಾಗಿತ್ತು. ಗಡಿಯಾರ ಮೂರು ದಾಟಿತು. ಮಾನವಿಯ ಬಸ್ಸು, ದೇವದುರ್ಗದ ಬಸ್ಸು, ಎರಡೂ ನಾಲ್ಕಕ್ಕೆ. ಬಂಡಲ್ ಬಸ್ಸು ಹತ್ತದಿದ್ದರೆ ಸಂಜೆ ಪತ್ರಿಕೆ ಮರುದಿನಕ್ಕೆ ರದ್ದಿ. ಚಿಂತಕರು ಓಡುತ್ತ ಬಂದರು.

“ಶಾಕಿರ್, ಮಷಿನ್ ಬಿಡು!”

ಶಾಕಿರ್ ಕೈಯ ಮಸಿ ಒರೆಸಿಕೊಂಡ. “‘ಬ’ ಇಲ್ರಿ ಸಾವ್ಕಾರ್ರ. ಕಾನೂನು ನಿಮ್ಮದೇ. ಆ ದೇವಸುಗೂರಿನ ಅಜ್ಜ ಮತ್ತ ಬಂದು ಕುರ್ಚಿ ಎಳದ್ರ ನಾ ಏನ್ ಹೇಳ್ಲಿ?”

ಮೂರೂಕಾಲಿಗೆ ಪಂಪಾಪತಿಯವರು ಸೋತರು. ಅವರ ಅಂಕಣವೂ ಅದೇ ಬಂಡಲ್ಲಿನಲ್ಲಿ ಹೋಗಬೇಕಿತ್ತಲ್ಲ. “ಏನ್ ಬರೀತೀರೋ ಬರ್ಕೋರಿ!”

ಗಡಿಗೆಪ್ಪನ ಹೆಂಡತಿಯ ಹತ್ತಿರ ರಾಧಾಳ ನಂಬರ್ ಇತ್ತು. ಬಸವಂತಮ್ಮ ಯಾಕೆ ಏನು ಎಂದು ಹೇಳದೆ ಅದನ್ನು ತರಿಸಿಕೊಂಡು, ಬಾಗಿಲು ಹಾಕಿ ಮಾತಾಡಿದಳು. ಆ ಕಡೆಯ ದನಿ ಅಳುವುದನ್ನು ಮುಗಿಸಿ ಒಣಗಿತ್ತು.

“ಠಾಣಾದಿಂದ ಬರೂದ್ರಾಗ ಮಾಲಕ ಬೀಗ ಜಡದಾನ್ರೀ ಅಕ್ಕಾ. ನಾ ರಾತ್ರಿ ಮನ್ಯಾಗ ಹೊಲಿಯೂ ಮಷಿನ್ನು, ಮಂದಿ ಬಟ್ಟಿ, ಆಕಿ ನರ್ಸ್ ಡ್ಯೂಟಿ ಸೀರಿ, ಎಲ್ಲಾ ಒಳಗದ. ಮುಂಜಾನಿಂದ ಕಟ್ಟಿ ಮ್ಯಾಲ ಕುಂತೀವಿ.”

“ನಾ ಬರೀತೀನಿ ತಂಗಿ. ಏನ್ ಬರೀಲಿ, ಏನ್ ಬಿಡ್ಲಿ, ನೀನ ಹೇಳು.”

ಆ ಕಡೆ ಇಬ್ಬರು ಪಿಸುಗುಟ್ಟಿದ್ದು ಕೇಳಿಸಿತು. “ಇಬ್ಬರೂ ಕೂಡಿ ಬಾಳಾಕತ್ತೀವಿ ಅಂತ ಬರೀರಿ. ಅದು ಖರೇನ ಅದ. ಹೆಸರು, ಅಂಗಡಿ, ನಮ್ಮಪ್ಪ ಬ್ಯಾಡ್ರಿ.”

ಒಂಬತ್ತು ಸಾಲಾಯಿತು. ‘ಹೇಳದೆ ಕೇಳದೆ ಬಾಡಿಗೆ ಮನೆಗೆ ಬೀಗ: ಮಹಿಳೆಯರಿಬ್ಬರು ಹೊರಗೆ’ ಎಂದು ತಲೆಬರಹ. ಜತೆಯಾಗಿ ಬಾಳುತ್ತಿರುವ ಇಬ್ಬರು ವಯಸ್ಕ ಮಹಿಳೆಯರು. ಅದರಲ್ಲಿ ಅಪರಾಧವಿಲ್ಲವೆಂದು ಪೊಲೀಸರು ಹೇಳಿದ್ದಾರೆ. ಅಷ್ಟಾದರೂ ಮಾಲೀಕ ಬೀಗ ಹಾಕಿದ್ದಾನೆ. ಬೆವರಿಲ್ಲ, ಉಸಿರಿಲ್ಲ, ಊರಿನ ತಲೆಯೂ ಇಲ್ಲ. ಬಸವಂತಮ್ಮ ಮೂಲೆಯಲ್ಲಿ ‘ಬ’ ಎಳೆದಳು, ಮಷಿನ್ ಗಡಗಡ ಎಂದಿತು.

ಪಂಪಾಪತಿಯವರು ಮೊದಲ ಪ್ರತಿಯನ್ನು ಎರಡು ಸಲ ಓದಿದರು. ಉಪ್ಪು ಖಾರ ಇಲ್ಲದ ಪಥ್ಯದ ಊಟ ಉಂಡವರ ಮುಖ ಮಾಡಿ, ಅತ್ತಿತ್ತ ನೋಡಿ, ದನಿ ತಗ್ಗಿಸಿ ಕೇಳಿದರು:

“ಅಲ್ಲ ಬಸವಂತಮ್ಮ, ಹಿಂಗ ಸುಮ್ಮ ತಿಳ್ಕೊಳ್ಳಾಕ ಕೇಳ್ತೀನಿ. ಇಬ್ಬರು ಹೆಣ್ಮಕ್ಕಳು ಕೂಡಿ ಖರೇವಂದ್ರ ಏನ್ ಮಾಡ್ತಾರ?”

ಬಸವಂತಮ್ಮ ಕೆಂಪು ಪೆನ್ನಿಗೆ ಟೋಪಿ ಹಾಕಿದಳು.

“ಸದ್ಯಕ್ಕ ಬೀಗದ ಮುಂದ ಕುಂತಾರ್ರೀ ಸಾವ್ಕಾರ್ರ. ಮಾಲಕ ನಿಮ್ಮ ಗಿರಣಿ ಗಿರಾಕಿ, ಫೋನ್ ಹಚ್ಚಿ ತಗಸ್ರಿ. ಒಳಗ ಹೋದಮ್ಯಾಲ ಅವರು ಏನರ ಮಾಡ್ಲಿ, ನಮ್ಮ ಪುಟದಾಗ ಜಾಗ ಇಲ್ಲ.”